ಇಂಗು ಹಾಕಿದ ಅಂತರಪಟ

ಕಾಫಿ ಬೀಜ ಹುರಿಯುತ್ತಿದ್ದೆ. ಬೀಜ ಹುರಿಯುವವಳ ಕೈಗೆ ಬ್ರಹ್ಮ ಬಂದು ಕರೆದರೂ ಬಿಡುವಿಲ್ಲ. ಒಂದು ಗಳಿಗೆ ಸೌಟು ನಿಂತರೆ ಎಲ್ಲ ಇದ್ದಿಲು. ಅಂಥ ಹೊತ್ತಿನಲ್ಲಿ ನಮ್ಮವರು ಮದರಾಸಿನ ಗಿಂಡಿ ಬಡಾವಣೆಯ ಆಫೀಸಿನಿಂದ ಬಂದವರು, ಜಗಲಿಯ ಮೇಲೆ ಬಿದ್ದಿದ್ದ ಕಾಗದ ಓದಿಕೊಂಡು ಅಡಿಗೆಮನೆಯ ಹೊಸ್ತಿಲಲ್ಲಿ ನಿಂತರು.

"ಕುಂಭಕೋಣದ ಬೀಗರ ಕಾಗದ. ನಮ್ಮ ಅತ್ತೆ ಏನು ಮಾಡಿದಾರೆ ಗೊತ್ತೇನೆ?"

"ಏನಾದರೂ ಕಲಿಯೋಕೆ ಹೋಗಿರ್ತಾರೆ" ಎಂದೆ, ಸೌಟು ನಿಲ್ಲಿಸದೆ.

"ಪದ್ಮಾ ಮದುವೆ ಅಂತರಪಟ ನಮ್ಮ ಮನೇಲೇ ನೇಯ್ತಾ ಇದಾರೆ ಅಂತ ಹೇಳಿಬಿಟ್ಟಿದಾರೆ."

ಸೌಟು ನಿಂತಿತು. ಆ ಕಾಫಿಪುಡಿಯನ್ನು ನಾವು ಹದಿನೈದು ದಿನ ಕುಡಿದೆವು. ಕಹಿ ಎಂದು ಮನೆಯಲ್ಲಿ ಒಬ್ಬರೂ ಬಾಯಿ ಬಿಡಲಿಲ್ಲ. ಅದೊಂದು ಪುಣ್ಯ.

ಅತ್ತೆ ಎಂದರೆ ನನ್ನ ಗಂಡನ ಸೋದರತ್ತೆ, ನನ್ನ ಮಾವನವರ ಒಡಹುಟ್ಟಿದ ತಂಗಿ. ಚಿಕ್ಕಂದಿನಲ್ಲೇ ಗಂಡನನ್ನು ಕಳೆದುಕೊಂಡು ತವರಲ್ಲೇ ಉಳಿದವರು. ನನ್ನ ಅತ್ತೆಮಾವ ಇಬ್ಬರೂ ಬೇಗ ತೀರಿಕೊಂಡದ್ದರಿಂದ, ನನ್ನ ನಾದಿನಿ ಪದ್ಮಾಳನ್ನು ಕೈಗೂಸಿನಿಂದ ಸಾಕಿದವರು ಇವರೇ. ಮಡಿ, ಪೂಜೆ, ಪಂಚಾಂಗ ಎಲ್ಲದರಲ್ಲೂ ತಿರುವಲ್ಲಿಕೇಣಿಯ ನಮ್ಮ ಬೀದಿಗೆ ಇವರ ಮಾತೇ ಕೊನೆಯ ಮಾತು. ಆದರೆ ಒಂದು ಮಾತನ್ನು ನಾನು ಯಾರ ಮುಂದೆ ಬೇಕಾದರೂ ಹೇಳಬಲ್ಲೆ: ಮದರಾಸು ಪಟ್ಟಣದಲ್ಲಿ ಇವರಷ್ಟು ವಿದ್ಯೆಗಳನ್ನು ಶುರುಮಾಡಿದವರು ಇನ್ನೊಬ್ಬರಿಲ್ಲ. ಮುಗಿಸಿದ್ದು ಎಷ್ಟು ಎಂದು ಮಾತ್ರ ಕೇಳಬೇಡಿ!

ಆಗ ಊರಿನಲ್ಲಿ ಹೆಂಗಸರ ಸಂಘಗಳ ಕಾಲ. ನೂಲುವುದು, ಹೆಣೆಯುವುದು, ನೇಯುವುದು, ಬುಟ್ಟಿ ಕಟ್ಟುವುದು ಎಲ್ಲವನ್ನೂ ಕಲಿಸುತ್ತಿದ್ದರು. ಬೆಳಗ್ಗೆ ಹೋದರೆ ಸಂಜೆಗೆ ವಾಪಸು, ಒಂದು ದಿನದ ಕ್ಲಾಸು. ಬೇಕೆಂದವರು ಮರುದಿನವೂ ಹೋಗಿ ಪೂರ್ತಿ ಕಲಿಯಬಹುದು. ಅತ್ತೆ ಮರುದಿನ ಹೋಗುತ್ತಿರಲಿಲ್ಲ. ಯಾಕೆ ಹೇಳಿ? ಹೊರಗೆ ಹೋದರೆ ಅವರು ತೊಟ್ಟು ನೀರು ಮುಟ್ಟುವವರಲ್ಲ. ಆದ್ದರಿಂದ ಹೇಗೂ ನಿರ್ಜಲ ಉಪವಾಸವಿರುವ ಏಕಾದಶಿಯ ದಿನ ಬಿದ್ದ ಕ್ಲಾಸಿಗೆ ಮಾತ್ರ ಹೋಗುವುದು! ಒಂದು ಕೈಯಲ್ಲಿ ಪಂಚಾಂಗ, ಇನ್ನೊಂದರಲ್ಲಿ ಸಂಘದ ನೋಟೀಸು. ಎರಡೂ ಕೂಡಿಬಂದರೆ ಅಂದಿನ ವಿದ್ಯೆ ಯಾವುದಾದರೂ ಸರಿಯೆ. ಮರುದಿನ ದ್ವಾದಶಿ, ಬೆಳಕು ಹರಿಯುವ ಮೊದಲೇ ಪಾರಣೆ. ವಿದ್ಯೆ ಅಲ್ಲಿಗೆ ನಿಂತಿತು.

ಮೊದಲು ಕಲಿತದ್ದು ಉಲ್ಲನ್ ಹೆಣಿಗೆ. ಮದರಾಸಿನಲ್ಲಿ, ಮೇ ತಿಂಗಳ ಕತ್ತಿರಿ ಬಿಸಿಲಿನಲ್ಲಿ, ಉಲ್ಲನ್! ನಮ್ಮವರಿಗೆ ಮಫ್ಲರ್ ಶುರುವಾಯಿತು. ಶುರುಮಾಡುವುದನ್ನು ಮೊದಲ ದಿನ ಕಲಿಸಿದರಂತೆ, ಕೊನೆಯ ಸಾಲು ಕಟ್ಟಿ ಕಡ್ಡಿಯಿಂದ ಬಿಡಿಸುವುದನ್ನು ಎರಡನೆಯ ದಿನ. ಹಾಗಾಗಿ ಆ ಮಫ್ಲರ್ ನಿಲ್ಲುವಂತಿರಲಿಲ್ಲ. ಆರು ಮೊಳ ಆಯಿತು, ಎಂಟು ಮೊಳ ಆಯಿತು. ಒಂದು ದಿನ ನಮ್ಮವರು, "ಅತ್ತೆ, ಇದು ನನಗೋ, ಗರುಡಗಂಬಕ್ಕೋ?" ಎಂದು ಕೇಳಿದರು. ಅತ್ತೆ ತಲೆ ಎತ್ತದೆ, "ಉಲ್ಲನ್ ಮುಗಿದರೆ ತಾನಾಗೇ ನಿಲ್ಲತ್ತೆ" ಎಂದರು.

ಆಮೇಲೆ ವೈರ್ ಬುಟ್ಟಿ. ಹಿಡಿ ಕಟ್ಟುವುದು ಎರಡನೆಯ ದಿನದ ಪಾಠವಾದ್ದರಿಂದ ನಮ್ಮ ಬುಟ್ಟಿಗೆ ಹಿಡಿಯಿಲ್ಲ. ತರಕಾರಿ ತುಂಬಿಕೊಂಡು ಮಗುವನ್ನು ಎತ್ತಿಕೊಂಡ ಹಾಗೆ ಸೊಂಟದ ಮೇಲೆ ಕೂರಿಸಿಕೊಂಡು ಬರಬೇಕು. ಎದುರುಮನೆಯ ಮಾಮಿ ಒಮ್ಮೆ ದೂರದಿಂದ ನೋಡಿ, "ಎತ್ತನೆ ಮಾಸಂ?", ಎಷ್ಟು ತಿಂಗಳು, ಎಂದು ನನ್ನನ್ನು ಕೇಳಿಯೂಬಿಟ್ಟರು. ಒಳಗಿದ್ದದ್ದು ಬೂದುಗುಂಬಳ.

ತಕಲಿಯಲ್ಲಿ ನೂಲುವ ಕ್ಲಾಸಿಗೂ ಹೋದರು. ಅಲ್ಲಿ ಕಲಿತದ್ದು ಏನೂ ಇಲ್ಲ. ಕಲಿಸುವಾಕೆಯ ಎಳೆ ದಪ್ಪವಾಯಿತೆಂದು ತಕಲಿ ಕಿತ್ತುಕೊಂಡು ಸಂಜೆಯ ತನಕ ಇವರೇ ಪಾಠ ಹೇಳಿಬಂದರು. ನಮ್ಮ ಮನೆಯ ಗಂಡಸರ ಜನಿವಾರವೆಲ್ಲ ಇವರ ಕೈಯ ನೂಲು ತಾನೆ.

ಪೂರ್ತಿಯಾಗಿ ಕಲಿತದ್ದು ಒಂದೇ ಒಂದು, ಕ್ರೋಷಾ. ಆ ವರ್ಷ ಏಕಾದಶಿಯ ಬೆನ್ನಿಗೇ ಶ್ರವಣ ದ್ವಾದಶಿ ಬಂದು ಎರಡು ದಿನ ಸಾಲಾಗಿ ಉಪವಾಸ. ನಾವೆಲ್ಲ ಕಣ್ಣು ಕತ್ತಲೆ ಬಂದು ಮಲಗಿದ್ದರೆ ಅತ್ತೆ ಎರಡೂ ದಿನ ಕ್ಲಾಸಿಗೆ ಹೋಗಿ, ಜಾಲರಿ ಹಾಕುವುದನ್ನು ಮೊದಲಿಂದ ಕೊನೆಯ ಗಂಟಿನವರೆಗೆ ಕಲಿತು ಬಂದರು. ಇದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಮಗ್ಗದ ಕ್ಲಾಸು ಇವೆಲ್ಲಕ್ಕಿಂತ ಈಚಿನದು. ಮೈಲಾಪುರದ ಆ ಕ್ಲಾಸಿನಲ್ಲಿ ನಮ್ಮ ಬೀಗಿತ್ತಿಯ ತಮ್ಮನ ಹೆಂಡತಿ ಪಕ್ಕದಲ್ಲೇ ಕೂತಿದ್ದಳಂತೆ. ಆಕೆಗೆ ಹೇಳಿದ್ದು ಕುಂಭಕೋಣಕ್ಕೆ ಹೋಗಿ, ಕಾಗದವಾಗಿ ತಿರುಗಿ ಬಂದಿತ್ತು. ನಮ್ಮವರು ಓದಿದರು:

"ಅಂತರಪಟವನ್ನು ನಿಮ್ಮ ಮನೆಯಲ್ಲೇ ನೇಯುತ್ತಿರುವುದು ತಿಳಿದು ಬಹಳ ಸಂತೋಷವಾಯಿತು. ಬಂಧುಗಳಿಗೆಲ್ಲ ಹೇಳಿದ್ದೇನೆ. ನೇಯುತ್ತಿರುವ ಮುತ್ತೈದೆ ಯಾರೆಂದು ತಿಳಿಸಿ. ಮುಹೂರ್ತವಾದ ಕೂಡಲೆ ಮಂಟಪದಲ್ಲೇ ಆಕೆಗೆ ಅರಿಸಿನ ಕುಂಕುಮ, ಸೀರೆ ಕೊಡಬೇಕೆಂದು ನನ್ನ ಆಸೆ."

ಮುತ್ತೈದೆ ಎನ್ನುವ ಮಾತನ್ನು ಎರಡು ಸಲ ಓದಿದರು. ಬೀಗಿತ್ತಿ ಎಂದರೆ ಸಾಮಾನ್ಯದವರಲ್ಲ. ಹೆಣ್ಣು ನೋಡಲು ಬಂದ ದಿನ, ನಮ್ಮ ಮನೆಯ ಕೊಳಾಯಿಯೊಳಗೆ ಚರ್ಮದ ವಾಷರ್ ಇರುತ್ತದೆಂದು ನೀರು ಕೂಡ ಮುಟ್ಟದೆ ಹೋದಾಕೆ. ವಧೂವರರ ನಡುವೆ ಹಿಡಿಯುವ ಮಂಗಳದ ಬಟ್ಟೆಯನ್ನು ಗಂಡನಿಲ್ಲದ ಹೆಂಗಸು ನೇಯ್ದಳೆಂದು ತಿಳಿದರೆ? ಪದ್ಮಾಳಿಗೆ ಇದು ನಾಲ್ಕನೆಯ ಸಂಬಂಧ. ಮೊದಲ ಮೂರೂ ಜಾತಕದಲ್ಲೇ ಮುರಿದಿದ್ದವು.

ಅತ್ತೆ ದೇವರಮನೆಯಲ್ಲಿ ಹೂಬತ್ತಿ ಮಾಡುತ್ತಿದ್ದರು. ನಮ್ಮವರು ಬಾಗಿಲಲ್ಲೇ ನಿಂತು ಕಾಗದ ಓದಿ ಹೇಳಿದರು.

"ನಾನು ಸುಳ್ಳೇನು ಹೇಳಲಿಲ್ಲಪ್ಪ. ಮನೇಲಿ ನೇಯ್ತಾರೆ ಅಂದೆ. ಯಾರು ಅಂತ ಅವಳು ಕೇಳಲಿಲ್ಲ."

"ಈಗ ಕೇಳಿದಾರಲ್ಲ ಅತ್ತೆ. ಬೇಡ ಬಿಡಿ, ಸೌಕಾರ್‌ಪೇಟೇಲಿ ಒಂದು ಹೊಸ ಪಂಚೆ ತಂದುಬಿಡ್ತೀನಿ. ಅದನ್ನೇ ಹಿಡಿದರಾಯ್ತು."

ಅತ್ತೆ ಕೈಯಲ್ಲಿದ್ದ ಬತ್ತಿಯ ತುದಿ ತಿರುವಿ ತಟ್ಟೆಯಲ್ಲಿಟ್ಟರು. "ಈ ಬತ್ತಿ ನಾನು ಹೊಸೆದದ್ದು. ದೇವರ ಮುಂದೆ ಉರಿಯತ್ತೆ. ನಿನ್ನ ಹೆಗಲ ಮೇಲಿರೋ ಜನಿವಾರ ನಾನು ನೂತದ್ದು. ಅದನ್ನ ತೆಗೆದಿಟ್ಟು ಆಮೇಲೆ ಸೌಕಾರ್‌ಪೇಟೆಗೆ ಹೋಗು."

ನಮ್ಮವರ ಕೈ ತಾನಾಗಿ ಹೆಗಲಿಗೆ ಹೋಯಿತು. ಆಮೇಲೆ ಅತ್ತೆಯೇ, "ಹೆಸರು ಇವಳದ್ದೇ ಬರಿ" ಎಂದು ನನ್ನತ್ತ ಗಲ್ಲ ತೋರಿಸಿದರು. "ಪಟ ಮಂಟಪದಲ್ಲಿ ನಿಂತರೆ ನನಗೆ ಸಾಕು. ನಾನು ಹೇಗೂ ಉಗ್ರಾಣದಲ್ಲಿ ಇರ್ತೀನಲ್ಲ."

ಹೀಗೆ, ಸೂಜಿಗೆ ದಾರ ಪೋಣಿಸಲು ಕನ್ನಡಕ ಹುಡುಕುವ ನಾನು ಕುಂಭಕೋಣಕ್ಕೆಲ್ಲ ನೇಯ್ಗೆಯವಳಾಗಿಬಿಟ್ಟೆ! ಮುಹೂರ್ತಕ್ಕೆ ಇಪ್ಪತ್ತಾರು ದಿನ.

ಮಗ್ಗ ಎಲ್ಲಿತ್ತು? ಅತ್ತೆ ಬಡಗಿಯನ್ನು ಕರೆಸಿ ಅಟ್ಟದ ಮೇಲಿದ್ದ ಪದ್ಮಾಳ ತೊಟ್ಟಿಲನ್ನು ಇಳಿಸಿದರು. ಅದರ ಪಟ್ಟಿಗಳನ್ನೇ ಬಿಚ್ಚಿ ಎರಡಡಿ ಅಗಲದ ಚೌಕಟ್ಟು ಮಾಡಿಸಿದರು. ಪದ್ಮಾ ತಮಿಳು ಶಾಲೆಯಲ್ಲಿ ಓದಿದವಳು, ಸಿಟ್ಟು ಬಂದರೆ ಅವಳಿಗೆ ಕನ್ನಡ ಮರೆತು, 'ಏನು' ಎನ್ನುವುದು 'ಎನ್ನ' ಆಗುತ್ತದೆ. "ಎನ್ನ ಅತ್ತೆ ಇದು, ನಾಳೆ ಬೇಕಾಗತ್ತಲ್ಲ ತೊಟ್ಟಿಲು?" ಎಂದು ಕೆಂಪಾದಳು.

"ಆಗ ಮರಗೆಲಸದ ಕ್ಲಾಸಿಗೆ ಹೋಗ್ತೀನಿ" ಎಂದರು ಅತ್ತೆ. "ಅದಿರಲಿ, ಹುಡುಗ ಹೇಗಿದಾನೆ? ಹೆಣ್ಣು ನೋಡೋ ದಿನ ನಾನು ಹೊರಗೆ ಬರಲಿಲ್ಲ. ನೀನಾದರೂ ಸರಿಯಾಗಿ ನೋಡಿದೆಯೇನೆ?"

"ತಲೆ ಬಗ್ಗಿಸು ಅಂತ ಅತ್ತಿಗೆ ಚಿವುಟ್ತಾನೇ ಇದ್ರು. ಕಾಲಿನ ಹೆಬ್ಬೆರಳು ನೋಡಿದೆ."

"ಹೇಗಿತ್ತು?"

"ಉಗುರು ಕತ್ತರಿಸಿದ್ರು" ಎಂದಳು ಪದ್ಮಾ. ನಾವೆಲ್ಲ ನಕ್ಕೆವು. ಅತ್ತೆ ನಗಲಿಲ್ಲ.

ಎರಡಡಿ ಅಗಲದ ಎರಡು ಪಟ್ಟಿ ನೇಯುವುದು, ಅವನ್ನು ಪಕ್ಕಪಕ್ಕಕ್ಕಿಟ್ಟು ನಡುವೆ ಕ್ರೋಷಾದಲ್ಲಿ ಜೋಡಿಸುವುದು ಎಂದು ತೀರ್ಮಾನವಾಯಿತು. ನೂಲು ಸಿದ್ಧವಾಯಿತು. ಆದರೆ ಹಾಸಿನ ಎಳೆಗಳಿಗೆ, ಅಂದರೆ ಮಗ್ಗದ ಮೇಲೆ ಉದ್ದಕ್ಕೆ ಬಿಗಿಯುವ ಎಳೆಗಳಿಗೆ, ಗಂಜಿ ಹಾಕಿ ಒಣಗಿಸದಿದ್ದರೆ ಅವು ನವೆದು ಕಡಿಯುತ್ತವೆ ಎಂದು ಕ್ಲಾಸಿನಲ್ಲಿ ಹೇಳಿದ್ದರಂತೆ. ಅನ್ನದ ಗಂಜಿ! ಬೇಯಿಸಿದ ಅನ್ನ ಸೋಕಿದ್ದೆಲ್ಲ ಮುಸುರೆ. ಮುಸುರೆ ಕೈಯನ್ನು ತೊಳೆಯದೆ ನಾವು ದೇವರ ಗೂಡಿನ ಬಾಗಿಲು ಕೂಡ ಮುಟ್ಟುವುದಿಲ್ಲ. ಮುಸುರೆ ಬಟ್ಟೆಯನ್ನು ಲಕ್ಷ್ಮೀನಾರಾಯಣರ ಸಮಾನರಾದ ವಧೂವರರ ನಡುವೆ ಹಿಡಿಯುವುದೆ? ಅತ್ತೆ ಗಂಜಿಯಿಲ್ಲದೆಯೇ ನೇಯ್ದು ನೋಡಿದರು. ಮೂರು ದಿನದಲ್ಲಿ ನಲವತ್ತು ಎಳೆ ಕಡಿದವು.

ನಾಲ್ಕನೆಯ ದಿನ ಅತ್ತೆಯ ಮುಖದಲ್ಲಿ ಕಳೆ ಬಂತು. "ಜವ್ವರಿಸಿ ಕಣೆ! ಏಕಾದಶಿ ದಿನ ಕಾಯಿಲೆಯವರಿಗೆ, ಮಕ್ಕಳಿಗೆ ಕೊಡೋದು ಅದನ್ನೇ ತಾನೆ? ಏಕಾದಶಿಗೆ ಆಗೋದು ಮುಸುರೆ ಹೇಗಾಗತ್ತೆ?"

ಜವ್ವರಿಸಿ ಎಂದರೆ ಸಬ್ಬಕ್ಕಿ. ಶಾಸ್ತ್ರಕ್ಕೂ ಮಗ್ಗಕ್ಕೂ ಹೀಗೆ ರಾಜಿಯಾಯಿತು. ಮಡಿಯುಟ್ಟು ಜವ್ವರಿಸಿ ಕಾಯಿಸಿದರು. ನೂಲಿನ ಲಡಿಗಳನ್ನು ಅದ್ದಿ ಹಿಂಡಿ ಮಹಡಿಯ ಮೇಲೆ ಹಗ್ಗಕ್ಕೆ ಹಾಕಿ ಬಂದರು. ನಾನು ಊಟಕ್ಕೆ ಎಲೆ ಹಾಕುತ್ತಿದ್ದೆ, ಮೇಲೆ ಕಾಗೆಗಳ ಕೂಗು. ತಿರುವಲ್ಲಿಕೇಣಿಯ ಕಾಗೆಗಳೆಲ್ಲ ನಮ್ಮ ಮಹಡಿಯ ಮೇಲೆ. ಓಡಿ ಹೋಗಿ ಓಡಿಸಿದೆ. ನೂಲಿನ ಹತ್ತಿರ ಹೋದಾಗ ಒಂದು ವಾಸನೆ ಬಂತು. ತಿಳಿದ ವಾಸನೆ.

"ಅತ್ತೆ, ಗಂಜಿಗೆ ಏನು ಹಾಕಿದ್ರಿ?"

"ಏನೂ ಇಲ್ಲ. ಜವ್ವರಿಸಿ, ನೀರು, ಉಪ್ಪು..." ಎಂದವರು ಅಲ್ಲಿಗೇ ನಿಂತರು.

ಉಪ್ಪು ಒಂದೇ ಅಲ್ಲ. ನಲವತ್ತು ವರ್ಷ ಪ್ರತಿ ಬೇಸಿಗೆಯಲ್ಲೂ ಸಂಡಿಗೆ ಹಾಕಿದ ಕೈ. ಜವ್ವರಿಸಿ ಕುದಿಯುವುದನ್ನು ಕಂಡದ್ದೇ ತಡ, ಆ ಕೈ ಒಡತಿಯನ್ನು ಕೇಳದೆ ಉಪ್ಪಿನ ಮರಿಗೆಗೆ ಹೋಗಿದೆ, ಅಲ್ಲಿಂದ ಇಂಗಿನ ಡಬ್ಬಿಗೆ ಹೋಗಿದೆ. ಹಸಿಮೆಣಸಿನಕಾಯಿ ಮನೆಯಲ್ಲಿ ಮುಗಿದಿತ್ತು. ಅದೊಂದು ಪುಣ್ಯ.

ತೊಳೆದರೆ ಗಂಜಿ ಹೋಗುತ್ತದೆ. ಮತ್ತೆ ನೂಲುವುದಕ್ಕೆ ದಿನವಿಲ್ಲ. ಉಪ್ಪಿಗೂ ಸಮುದ್ರದ ಗಾಳಿಗೂ ಎಳೆಗಳು ಒಣಗಲೂ ಒಲ್ಲವು. ಅತ್ತೆ ಇದ್ದಿಲ ಒಲೆಯ ಮುಂದೆ ಒಂದೊಂದೇ ಲಡಿಯನ್ನು ಹಿಡಿದು ಒಣಗಿಸಿ ಮಗ್ಗಕ್ಕೆ ಏರಿಸಿದರು. ಊಟ ಒಂದು ಹೊತ್ತಾಯಿತು. ಬೆರಳುಗಳು ಬಿರಿದವು, ರಾತ್ರಿ ನಾನು ಕೊಬ್ಬರಿ ಎಣ್ಣೆ ಹಚ್ಚಲು ಹೋದರೆ, "ಬೇಡ, ನೂಲಿಗೆ ಜಿಡ್ಡು ಹತ್ತತ್ತೆ" ಎಂದು ಕೈ ಹಿಂದೆಗೆದರು.

ನನಗೆ ನನ್ನದೇ ದಿಗಿಲು. ಅಗ್ನಿಸಾಕ್ಷಿಯಾಗಿ ನಡೆಯುವ ಮಂಗಳಕಾರ್ಯದಲ್ಲಿ, ಮಂಟಪದ ನಡುವೆ ನಿಂತು, ನಾನು ನೇಯದ ಬಟ್ಟೆಯನ್ನು ನೇಯ್ದೆ ಎಂದು ಹೇಳಿ ಸೀರೆ ಈಸಿಕೊಳ್ಳಬೇಕು. ದೇವರಮನೆಯಲ್ಲಿ ಒಂದು ಸಂಜೆ ಕಣ್ಣಲ್ಲಿ ನೀರೇ ಬಂತು. ಅತ್ತೆ ನೋಡಿದರು.

"ಸುಳ್ಳಾಗತ್ತೆ ಅಂತ ತಾನೆ? ಬಾ ಇಲ್ಲಿ. ಕೂತ್ಕೊ. ಎರಡು ಎಳೆ ನೀನು ಹಾಕು."

ಲಾಳಿ ಹಿಡಿದು ಆ ಕಡೆಗೊಂದು, ಈ ಕಡೆಗೊಂದು ಎಳೆ ಹಾಕಿದೆ. ಇಡೀ ಪಟದಲ್ಲಿ ಹಾವಿನ ಹಾಗೆ ಸೊಟ್ಟಗೆ ಹರಿದದ್ದು ಆ ಎರಡೇ. "ಇನ್ನು ನೀನು ನೇಯ್ದವಳೇ" ಎಂದು ಅತ್ತೆ ಲಾಳಿಯನ್ನು ಬೇಗ ಬೇಗ ಕಿತ್ತುಕೊಂಡರು.

ಎರಡು ಪಟ್ಟಿ ಮುಗಿದದ್ದು ಮದುವೆಗೆ ಮುಂಚೆ ಮಾಡುವ ದೇವರ ಸಮಾರಾಧನೆಯ ದಿನ. ನಡುವಿನ ಜೋಡಣೆ ಮುಗಿದದ್ದು ಮದುವೆಯ ಹಿಂದಿನ ಸಂಜೆ, ಛತ್ರದ ಉಗ್ರಾಣದಲ್ಲಿ. ನಾನು ಬಿಚ್ಚಿ ನೋಡಲು ಕೂಡ ಬಿಡದೆ ಮಡಿಸಿ ಆಚಾರ್ಯರ ಕೈಗೆ ಕಳಿಸಿಬಿಟ್ಟರು.

ಮುಹೂರ್ತ ಬಂತು. ಇಬ್ಬರು ಪುರೋಹಿತರು ಆಚೆಗೊಬ್ಬರು ಈಚೆಗೊಬ್ಬರು ಪಟ ಹಿಡಿದರು. ಕುಂಕುಮದಲ್ಲಿ ಬರೆದ ಸ್ವಸ್ತಿಕದ ಕೆಳಗೆ ನನ್ನ ಎರಡು ಹಾವುಗಳೂ ಕಂಡವು. ಮಂಗಳಾಷ್ಟಕ ಶುರುವಾಯಿತು. ಹೋಮದ ಕಾವು ತಾಕಿದ್ದೇ ತಡ, ಪಟದಿಂದ ಇಂಗಿನ ಘಮ ಎದ್ದಿತು. ಕಿರಿಯ ಪುರೋಹಿತರು ಶ್ಲೋಕದ ನಡುವೆ ಎಂಜಲು ನುಂಗಿದರು. ಬೆಳಗಿನಿಂದ ಅವರು ಉಪವಾಸ, ಪಾಪ. ವಧೂವರರ ಕೈಯಲ್ಲಿ ಜೀರಿಗೆ ಬೆಲ್ಲ, ಪಟದಲ್ಲಿ ಇಂಗು ಉಪ್ಪು. ಒಗ್ಗರಣೆಗೆ ಇನ್ನು ಎಣ್ಣೆಯೊಂದೇ ಬಾಕಿ! ನನ್ನ ಪಕ್ಕದಲ್ಲೇ ಬೀಗಿತ್ತಿ. ಅವರ ಮೂಗಿನ ಹೊಳ್ಳೆ ಅರಳಿತು.

ಅಷ್ಟರಲ್ಲಿ ಇನ್ನೊಂದನ್ನು ಕಂಡೆ. ಎರಡು ಪಟ್ಟಿಗಳ ನಡುವಿನ ಜೋಡಣೆ ಮೇಲಿನಿಂದ ಕೆಳಗಿನವರೆಗೆ ಬಿಗಿಯಾಗಿತ್ತು, ಒಂದು ಕಡೆ ಬಿಟ್ಟು. ಸರಿಯಾಗಿ ಪದ್ಮಾಳ ಕಣ್ಣಿನ ಎತ್ತರಕ್ಕೆ ಒಂದು ಗೇಣು ಜಾಗದಲ್ಲಿ ಬರೀ ಜಾಲರಿ. ಸೊಳ್ಳೆಪರದೆಯೂ ಅದಕ್ಕಿಂತ ಒತ್ತಾಗಿರುತ್ತದೆ. ಪದ್ಮಾ ತಲೆ ಎತ್ತಿದ್ದಳು. ಆಚೆಯಿಂದ ಹುಡುಗನೂ ಸ್ವಲ್ಪ ಬಗ್ಗಿದ್ದ. ಪಟ ಸರಿಯುವುದಕ್ಕೆ ಇನ್ನೂ ಎರಡು ಶ್ಲೋಕ ಇರುವಾಗಲೇ ನಮ್ಮ ಹುಡುಗಿಯ ತುಟಿಯಲ್ಲಿ ನಗು.

ಬೀಗಿತ್ತಿಯೂ ನೋಡಿದರು. ನಾನು ಕಣ್ಣು ಮುಚ್ಚಿ ಶ್ರೀಹರಿಯನ್ನು ನೆನೆದೆ.

ಗಟ್ಟಿಮೇಳವಾಯಿತು, ಪಟ ಸರಿಯಿತು, ಜೀರಿಗೆ ಬೆಲ್ಲ ಬಿತ್ತು, ಮಾಂಗಲ್ಯಧಾರಣೆ ಆಯಿತು. ಬೀಗಿತ್ತಿ ತಟ್ಟೆ ಹಿಡಿದು ನನ್ನ ಮುಂದೆ ಬಂದರು. ಅರಿಸಿನ ಕುಂಕುಮದ ಬಟ್ಟಲು, ಬಳೆ, ಹೂವು, ತೆಂಗಿನಕಾಯಿ, ಅಂಚಿಗೆ ಜರಿಯಿದ್ದ ಒಂದು ರೇಷ್ಮೆ ಸೀರೆ. ಇನ್ನೊಂದು ಕೈಯಲ್ಲಿ ಮಡಿಸಿದ ಅಂತರಪಟ.

"ನೀವು ತಾನೇ ಅಮ್ಮಾ ನೇಯ್ದದ್ದು?"

ಎರಡು ವಾರ ಉರುಹೊಡೆದಿದ್ದ ಮಾತು ಬೇರೆ, ಬಾಯಿಗೆ ಬಂದದ್ದು ಬೇರೆ. "ಎರಡು ಎಳೆ ನಾನು ನೇಯ್ದೆ" ಎಂದೆ.

"ಎರಡಾ?"

"ಸೊಟ್ಟಗಿದೆಯಲ್ಲ, ಆ ಎರಡು."

ಆಕೆ ಪಟವನ್ನು ಮೂಗಿನ ಹತ್ತಿರ ಹಿಡಿದರು. ನನ್ನನ್ನು ನೋಡಿದರು. ಹತ್ತಿರ ಬಂದು ಮೆಲ್ಲಗೆ, "ಅನ್ನದ ಗಂಜಿ ಮುಸುರೆ ಅಂತ ಜವ್ವರಿಸಿ ಹಾಕಿದಾರೆ. ಕೈ ಅದರ ಪಾಡಿಗೆ ಇಂಗು ಹಾಕಿದೆ. ಇದು ನಿಮ್ಮ ವಯಸ್ಸಿನವರ ಕೈ ಅಲ್ಲ. ನಮ್ಮ ಮನೇಲೂ ಗಂಡ ಇಲ್ಲದ ನಮ್ಮಕ್ಕ ಇದಾರೆ. ಅವರ ಕೈಯೂ ಇಪ್ಪಡಿತಾನ್, ಹೀಗೇ" ಎಂದರು.

ಆಕೆ ಸುತ್ತ ಒಮ್ಮೆ ನೋಡಿದರು. ಕುಂಭಕೋಣದ ಹೆಂಗಸರೆಲ್ಲ ಮದುಮಕ್ಕಳ ಕಡೆ ನುಗ್ಗಿದ್ದರು. ತಟ್ಟೆಯಿಂದ ಕುಂಕುಮದ ಬಟ್ಟಲನ್ನು ತೆಗೆದರು, ಬಳೆ ತೆಗೆದರು, ಹೂವು ತೆಗೆದರು. ಉಳಿದದ್ದರ ಮೇಲೆ ಅಂತರಪಟ ಮುಚ್ಚಿ ನನ್ನ ಕೈಗೆ ಕೊಟ್ಟರು.

"ಎಲ್ಲಿದಾರೋ ಅಲ್ಲಿ ಕೊಂಡುಹೋಗಿ ಕೊಡಿ. ನಮಸ್ಕಾರ ಹೇಳಿದೆ ಅನ್ನಿ. ನಾಲ್ಕು ಜನರ ಮುಂದೆ ನಾನು ಬರೋದಕ್ಕೆ ಆಗಲ್ಲ, ತಪ್ಪು ತಿಳೀಬಾರದು."

ಕೊಳಾಯಿ ನೀರು ಮುಟ್ಟದ ಹೆಂಗಸು! ನಾನು ಆಕೆಯ ಬಗ್ಗೆ ಅಂದುಕೊಂಡಿದ್ದೆಲ್ಲ ಶ್ರೀಹರಿ ಮನ್ನಿಸಲಿ.

ಉಗ್ರಾಣದಲ್ಲಿ ಅತ್ತೆ ಬೆಲ್ಲದ ಮೂಟೆಯ ಪಕ್ಕ ಗೋಡೆಗೊರಗಿ ಕೂತಿದ್ದರು. ನಡೆದದ್ದನ್ನೆಲ್ಲ ಹೇಳಿದೆ. ಅವರು ಸೀರೆಯ ಜರಿ ನೋಡಲಿಲ್ಲ, ಬಣ್ಣ ನೋಡಲಿಲ್ಲ. ತಿರುಗಿಸಿ ಹಿಮ್ಮೈ ನೋಡಿದರು, ಅಂಚನ್ನು ಬೆರಳಿನಿಂದ ಕೊನೆಯತನಕ ಸವರಿದರು.

"ಎಲ್ಲಾದರೂ ಒಂದು ಎಳೆ ಸೊಟ್ಟಗಿದೆಯಾ ನೋಡು. ನೇಯ್ದವನು ಎಷ್ಟು ಏಕಾದಶಿ ಕಲಿತಿದಾನೋ ಪುಣ್ಯಾತ್ಮ."

"ಅದು ಸರಿ ಅತ್ತೆ, ನಡುವೆ ಒಂದು ಗೇಣು ಜಾಗ ಹಾಗೇ ಬಿಟ್ಟಿದ್ರಲ್ಲ? ನನ್ನ ಜೀವ ಹೋಯ್ತು. ದಾರ ಸಾಲದೆ ಬಂತಾ?"

"ಪದ್ಮಾ ನೋಡಿದಳಾ?"

"ನೋಡಿದಳು. ನಕ್ಕಳು ಕೂಡ."

ಅತ್ತೆ ಸೀರೆಯನ್ನು ಮಡಿಸಿ ತೊಡೆಯ ಮೇಲಿಟ್ಟುಕೊಂಡರು.

"ನನಗೆ ಎಂಟು ವರ್ಷ ಆಗ. ಬೆಳಗಿನ ಜಾವದ ಮುಹೂರ್ತ. ಸೋದರಮಾವ ಎತ್ತಿಕೊಂಡು ಪಟದ ಮುಂದೆ ನಿಂತಿದ್ದ. ನಾನು ಅವನ ಭುಜದ ಮೇಲೇ ನಿದ್ದೆ ಹೋಗಿಬಿಟ್ಟಿದ್ದೆ. ತಲೆ ಮೇಲೆ ಜೀರಿಗೆ ಬೆಲ್ಲ ಬಿದ್ದಾಗ ಎದ್ದು ಅಳೋಕೆ ಶುರುಮಾಡಿದೆ. ಕಣ್ಣು ತುಂಬ ನೀರು, ಏನೂ ಕಾಣಲಿಲ್ಲ. ಮುಂದಿನ ವರ್ಷ, ನಾನು ಅವರ ಮನೆಗೆ ಹೋಗೋ ಮುಂಚೆಯೇ, ಅವರಿಗೆ ಜ್ವರ ಬಂತು, ಹೋಗಿಬಿಟ್ಟರು." ಸೀರೆಯ ಮಡಿಕೆಯನ್ನು ಅಂಗೈಯಿಂದ ಒತ್ತಿದರು. "ಐವತ್ತು ವರ್ಷದಿಂದ ನೆನಪು ಮಾಡ್ಕೋತಾ ಇದೀನಿ ಕಣೆ, ಮುಖ ಬರಲ್ಲ. ಇವಳು ಹೆಬ್ಬೆರಳು ನೋಡಿದೆ ಅಂದಳಲ್ಲ, ಅದಕ್ಕೇ ಬಿಟ್ಟೆ. ಒಂದು ಕ್ಷಣ ಮುಂಚೆಯೇ ನೋಡ್ಕೊಂಡಿರಲಿ."

ನಾನು ಅವರ ಕೈ ಹಿಡಿದುಕೊಂಡೆ. ಬಿರಿದ ಬೆರಳುಗಳಲ್ಲಿ ಇನ್ನೂ ಇಂಗಿನ ವಾಸನೆಯಿತ್ತು.

"ಇಂಗು ಸ್ವಲ್ಪ ಜಾಸ್ತಿಯಾಯ್ತು, ಅಲ್ವಾ?" ಎಂದರು.

"ಇಲ್ಲ ಅತ್ತೆ, ಹದವಾಗಿತ್ತು."

ಹೊರಗೆ ಎರಡನೆಯ ಪಂಕ್ತಿಗೆ ಕರೆಯುತ್ತಿದ್ದರು. ನಾನು ಎದ್ದು ಸೆರಗು ಸಿಕ್ಕಿಸಿಕೊಂಡು, ಬಾಳೆಲೆ ತೊಳೆಯಲು ಕೊಳಾಯಿಯ ಹತ್ತಿರ ಹೋದೆ.